ಅಡ್ಡಹೆಸರು

ಅಜ್ಜಂಪುರದಲ್ಲಿ ಆರು ವರ್ಷ ನನ್ನ ಹೆಸರು ಆಫ್ರಿಕಾ ಎಂದಿತ್ತು. ಅಪ್ಪ ಅವ್ವ ಇಟ್ಟ ಹೆಸರು ಶಾಲೆಯ ದಾಖಲೆಯಲ್ಲಿ, ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ತನ್ನ ಪಾಡಿಗೆ ತಾನಿತ್ತು. ಬೀದಿಯಲ್ಲಿ ಓಡಾಡುತ್ತಿದ್ದುದು ಈ ಹೆಸರು. ಅದನ್ನು ಇಟ್ಟವಳು ತರೀಕೆರೆಯ ಒಬ್ಬ ಹೆಂಗಸು. ಅವಳ ಮೇಲೆ ನಾನು ಸೇಡು ತೀರಿಸಿಕೊಂಡ ಕಥೆ ಇದು. ಸೇವಾ ಮನೋಭಾವದಿಂದ ಆಫ್ರಿಕಾಕ್ಕೆ ಹೋಗಿಬಂದವರು ಎಂದು ಆಮೇಲೆ ಒಂದೆರಡು ಸಮಾರಂಭಗಳಲ್ಲಿ ನನಗೆ ಶಾಲು ಹೊದಿಸಿದ್ದಾರೆ. ಹೊದಿಸಿದ ಶಾಲನ್ನು ನಾನು ವಾಪಸ್ ಕೊಡುವವಳಲ್ಲ. ಆದರೆ ನಿಜ ಹೇಳಿಬಿಡುತ್ತೇನೆ, ನಾನು ಹೋದದ್ದು ಸೇವೆಗಲ್ಲ, ಹಟಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪನಿಗೆ ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುವ ಕೆಲಸ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಬಾಯಿ ಬಿಡದೆ ಕಾಯುವ ಅಭ್ಯಾಸ ಅವನಿಗೆ ಮನೆಯಲ್ಲೂ ಇತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಎರಡು ವರ್ಷ ದಾದಿ ತರಬೇತಿ ಪಡೆದು, ಕಡೂರು ತಾಲ್ಲೂಕಿನ ಪಂಚನಹಳ್ಳಿ ಕಡೆ ಕೆಲಸಕ್ಕೆ ಸೇರಿದ್ದೆ. ಅಲ್ಲಿಯ ಜನಕ್ಕೆ ನಾನು ನರ್ಸಮ್ಮ. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಆಪರೇಷನ್ ಮಾಡಿಸಿಕೊಳ್ಳಿ ಎಂದು ಹೆಂಗಸರನ್ನು ಒಪ್ಪಿಸುವುದು. ಒಪ್ಪಿಸುವ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮನೆಯಲ್ಲಿ ನನ್ನನ್ನೇ ಯಾರಿಗಾದರೂ ಒಪ್ಪಿಸುವ ಓಡಾಟ ಶುರುವಾಗಿತ್ತು.

ತರೀಕೆರೆಯಿಂದ ಹೆಣ್ಣು ನೋಡಲು ಬಂದರು. ಹುಡುಗ ಲಕ್ಕವಳ್ಳಿಯ ಡ್ಯಾಮಿನ ಆಫೀಸಿನಲ್ಲಿ ಗುಮಾಸ್ತ. ಅವನ ಬಗ್ಗೆ ಹೇಳುವುದಕ್ಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ, ಬಂದಾಗಿನಿಂದ ಹೋಗುವವರೆಗೆ ಅವನು ನಮ್ಮ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ. ಮಾತೆಲ್ಲ ಅವನ ತಾಯಿಯದು. ಹೆಸರು ಬೇಡ, ತರೀಕೆರೆಯಮ್ಮ ಎನ್ನೋಣ. ಎರಡು ತಟ್ಟೆ ಉಪ್ಪಿಟ್ಟು ಮುಗಿಸಿದಳು. ಮಗ ಲಕ್ಕವಳ್ಳಿಯಿಂದ ವಾರವಾರವೂ ಕಾರ್ಡು ಬರೆಯುತ್ತಾನೆ, ತನಗೆ ಓದು ಬಾರದು, ಪೋಸ್ಟ್‌ಮ್ಯಾನೇ ಜಗಲಿಯ ಮೇಲೆ ಕೂತು ಓದಿ ಹೇಳುತ್ತಾನೆ, ಬೀದಿಯವರೆಲ್ಲ ಬಂದು ಕೇಳುತ್ತಾರೆ ಎಂದು ಹೆಮ್ಮೆಯಿಂದ ಹೇಳಿಕೊಂಡಳು. ನಮ್ಮ ಕಡೆ ಕಾರ್ಡು ಎಂದರೆ ಗುಟ್ಟಿಲ್ಲದ ಕಾಗದ, ಗುಟ್ಟಿದ್ದವರು ಇನ್‌ಲ್ಯಾಂಡ್ ಬರೆಯುತ್ತಿದ್ದರು. ಈ ಮಾತನ್ನು ಆಗ ಯಾಕೆ ಕಿವಿಗೆ ಹಾಕಿಕೊಂಡೆನೋ, ನನಗೇ ಗೊತ್ತಿಲ್ಲ.

ಆಮೇಲೆ ನನ್ನನ್ನು ಹತ್ತಿರ ಕರೆದಳು. ಕೈ ಹಿಡಿದುಕೊಂಡು, ಬಳೆಗಳನ್ನು ಮೇಲೆ ಸರಿಸಿ, ಮಣಿಕಟ್ಟನ್ನು ಹೆಬ್ಬೆರಳಿನಿಂದ ಉಜ್ಜಿದಳು. ಪ್ರೀತಿಯಿಂದ ಸವರುತ್ತಿದ್ದಾಳೆ ಎಂದುಕೊಂಡೆ. ಉಜ್ಜಿದ ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿಕೊಂಡಾಗ ಗೊತ್ತಾಯಿತು, ಪೌಡರ್ ಮೆತ್ತಿದ್ದೇವೋ ಎಂಬ ಪರೀಕ್ಷೆ ಅದು. ಪೌಡರನ್ನು ಅವ್ವ ಮುಖಕ್ಕೆ ಮಾತ್ರ ಹಚ್ಚಿದ್ದಳು, ಮಣಿಕಟ್ಟಿನ ಯೋಚನೆ ನಮಗೆ ಬಂದಿರಲಿಲ್ಲ. ನನ್ನ ಬಣ್ಣ ಕಪ್ಪು. ಎಣ್ಣೆಗೆಂಪಲ್ಲ, ಗೋಧಿ ಬಣ್ಣವೂ ಅಲ್ಲ, ಮದುವೆಯ ಮಾತುಕತೆಯಲ್ಲಿ ಸುತ್ತಿ ಬಳಸಿ ಹೇಳುವ ಇನ್ಯಾವುದೂ ಅಲ್ಲ, ಕಪ್ಪು.

ಹೊರಡುವಾಗ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಜೊತೆಗೆ ಬಂದಿದ್ದ ನೆಂಟರ ಹೆಂಗಸಿಗೆ ಹೇಳಿದಳು. ಪಿಸುಮಾತಿನಲ್ಲಿ ಅಲ್ಲ, ಅಕ್ಕಪಕ್ಕದ ಮನೆಗೂ ಕೇಳುವ ಹಾಗೆ.

"ಹುಡ್ಗಿ ಲಕ್ಷಣವಾಗೇ ಇದಾಳೆ. ಇವಳ್ನ ಆಫ್ರಿಕಾಕ್ಕೆ ಕೊಡ್ಬೇಕು ಕಣ್ರೀ, ಅಲ್ಲಾದ್ರೆ ಒಪ್ತಾರೆ."

ಬಂದವರೆಲ್ಲ ನಕ್ಕರು. ಕ್ಯಾಲೆಂಡರ್ ನೋಡುತ್ತಿದ್ದವನೂ ನಕ್ಕ. ಅವರನ್ನು ಕಳಿಸಿಕೊಡಲು ಕೈ ಜೋಡಿಸಿಕೊಂಡು ನಿಂತಿದ್ದ ನನ್ನ ಅಪ್ಪನೂ ನಕ್ಕ. ಹೆಣ್ಣು ಹೆತ್ತವನು, ನಾಳೆ ಬೀಗರಾದರೂ ಆಗಬಹುದಾದವರು ನಗುವಾಗ ತಾನೊಬ್ಬ ಬಿಗಿದುಕೊಂಡು ನಿಂತರೆ ಹೇಗೆ ಎಂದು ನಕ್ಕಿರಬೇಕು. ಇದನ್ನೆಲ್ಲ ಈಗ ಹೇಳಬಲ್ಲೆ. ಆವತ್ತು ಕಿಟಕಿಯ ಸರಳು ಹಿಡಿದು ನಿಂತಿದ್ದವಳಿಗೆ ಕಂಡದ್ದು ಅಪ್ಪನ ಹಲ್ಲು ಮಾತ್ರ. ಆ ಹೆಂಗಸಿನ ಮಾತು ಹೊಟ್ಟೆ ಉರಿಸಿತು, ಅಪ್ಪನ ನಗು ಅದಕ್ಕಿಂತ ಹೆಚ್ಚು ಉರಿಸಿತು. ಇಬ್ಬರಿಗೂ ಬುದ್ಧಿ ಕಲಿಸಬೇಕು ಎಂದು ಆವತ್ತೇ ಅಂದುಕೊಂಡೆ, ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಮಾತು ಕೇಳಿಸಿಕೊಂಡ ಪಕ್ಕದ ಮನೆಯವಳು ಸುಮ್ಮನಿರಲಿಲ್ಲ. ಮುಂದಿನ ಸಂತೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಪಂಚನಹಳ್ಳಿಯಿಂದ ರಜೆಗೆ ಬಂದು ಬಸ್ಸಿಳಿದರೆ, ಆಫ್ರಿಕಾ ಬಂತು ಎಂದು ಯಾರೋ ಅನ್ನುವರು. ಮಂಡಿಯ ಹಮಾಲರು ಅಪ್ಪನನ್ನು ವಿಚಾರಿಸುವರು, ಆಫ್ರಿಕಾ ಯಾವಾಗ ಬರ್ತಾಳೆ ಯಜಮಾನ್ರೇ. ಅವರಲ್ಲಿ ಅರ್ಧ ಜನಕ್ಕೆ ಅದು ಹಂಗಿಸುವ ಮಾತು ಎಂಬುದೇ ಕ್ರಮೇಣ ಮರೆತುಹೋಯಿತು. ಗೌರವದಿಂದ ಆಫ್ರಿಕಮ್ಮ ಎಂದವರೂ ಉಂಟು. ನನಗೆ ಮಾತ್ರ ಮರೆಯಲಿಲ್ಲ. ಕರೆದವರ ಮುಖಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಇಟ್ಟುಕೊಂಡೆ, ಕೆಲವು ಈಗಲೂ ಇವೆ.

ಮೂರು ತಿಂಗಳಿಗೆ ತರೀಕೆರೆಯಿಂದ ಲಗ್ನಪತ್ರಿಕೆ ಬಂತು. ಮಗನಿಗೆ ಬೆಳ್ಳಗಿನ ಹುಡುಗಿ ಸಿಕ್ಕಿದ್ದಾಳೆ ಎಂದು ಬಂದವರು ಹೇಳಿದರು. ಒಪ್ಪದ ಮನೆಗೂ ಪತ್ರಿಕೆ ಕಳಿಸುವ ಕೊಬ್ಬು ನೋಡಿ ಅವ್ವ ಅದನ್ನು ಒಲೆಗೆ ಹಾಕಲು ಹೋದಳು. ನಾನು ಕಿತ್ತುಕೊಂಡೆ. ಅರಿಶಿನ ಹಚ್ಚಿದ ಮೂಲೆಯ ಕೆಳಗೆ ಬೀದಿಯ ಹೆಸರಿನ ಸಮೇತ ಪೂರ್ತಿ ವಿಳಾಸ ಅಚ್ಚಾಗಿತ್ತು. ಅದನ್ನು ಪೆಟ್ಟಿಗೆಯ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟೆ. ಆಗಾಗ ತೆಗೆದು ಓದುತ್ತಿದ್ದೆ. ದೇವರ ಸ್ತೋತ್ರಕ್ಕಿಂತ ಆ ವಿಳಾಸ ನನಗೆ ಚೆನ್ನಾಗಿ ಬಾಯಿಪಾಠವಾಯಿತು.

ಆಮೇಲೆ ಬಂದ ಗಂಡುಗಳ ಲೆಕ್ಕ ಬೇಡ. ಐದಾರು ವರ್ಷ ಉರುಳಿತು. ಕೊನೆಗೆ ಸಖರಾಯಪಟ್ಟಣದ ಕಡೆಯಿಂದ ಒಂದು ಎರಡನೇ ಸಂಬಂಧ ಬಂತು. ತೆಂಗಿನ ತೋಟ ಇದ್ದವರು, ಹೆಂಡತಿ ತೀರಿಕೊಂಡಿದ್ದರು, ದೊಡ್ಡ ಮಗಳು ನನಗಿಂತ ನಾಲ್ಕೇ ವರ್ಷ ಚಿಕ್ಕವಳು. ಬಣ್ಣದ ಬಗ್ಗೆ ಅವರದೇನೂ ತಕರಾರಿಲ್ಲ, ಆದರೆ ಕೆಲಸ ಬಿಡಬೇಕು, ಮನೆಯಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಜನ ಇಲ್ಲ. ದಾದಿಯ ತರಬೇತಿ ಆಗಿರುವುದು ಅದಕ್ಕೆ ಅನುಕೂಲವೇ ಆಯಿತಲ್ಲ ಎಂದು ಹೇಳಿ ಕಳಿಸಿದ್ದರು. ಕಾರ್ತೀಕದಲ್ಲಿ ಮುಗಿಸಿಬಿಡೋಣ ಎಂದು ಅವ್ವ ಓಡಾಡತೊಡಗಿದಳು. ಅಪ್ಪ ತಕ್ಕಡಿಯ ಮುಳ್ಳು ನೋಡುವವನ ಹಾಗೆ ಸುಮ್ಮನಿದ್ದ.

ಆ ತಿಂಗಳು ಕಡೂರಿನಲ್ಲಿ ನಮ್ಮ ಮೀಟಿಂಗ್ ಇತ್ತು. ತಾಲ್ಲೂಕಿನ ನರ್ಸುಗಳೆಲ್ಲ ಬೆಂಚಿನ ಮೇಲೆ ಕೂತಿದ್ದೆವು. ಡಾಕ್ಟರಮ್ಮ ಸುತ್ತೋಲೆಗಳನ್ನು ಒಂದಾದ ಮೇಲೊಂದು ಓದುತ್ತಿದ್ದರು, ನಾನು ಸಖರಾಯಪಟ್ಟಣದ ಯೋಚನೆಯಲ್ಲಿ ಮುಳುಗಿದ್ದೆ. ಇದ್ದಕ್ಕಿದ್ದಂತೆ ಕಿವಿಗೆ ಆಫ್ರಿಕಾ ಎಂದು ಬಿತ್ತು. ಅಜ್ಜಂಪುರದ ಕಡೆಯ ನರ್ಸೊಬ್ಬಳು ನಾಲ್ಕು ದಿನದ ಹಿಂದಷ್ಟೇ ಆ ಹೆಸರನ್ನು ಕಡೂರಿಗೂ ತಂದು ಹಂಚಿದ್ದಳು. ಡಾಕ್ಟರಮ್ಮನಿಗೂ ಮುಟ್ಟಿಸಿದಳಲ್ಲ ಎಂದು ಮೈಯೆಲ್ಲ ಉರಿದು, ಜಗಳಕ್ಕೆಂದೇ ಎದ್ದು ನಿಂತೆ.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಪರವಾಗಿಲ್ವೇ, ಓದಿ ಮುಗಿಸೋ ಮುಂಚೇನೇ ಎದ್ದುಬಿಟ್ಯಲ್ಲಮ್ಮ. ಹೋಗ್ತೀಯಾ?"

ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಅವರೇ ಮತ್ತೆ ಓದಿದರು. ಒಂದು ಸ್ವಯಂಸೇವಾ ಸಂಸ್ಥೆಯವರು ತರಬೇತಾದ ದಾದಿಯರನ್ನು ಒಂದು ವರ್ಷದ ಮಟ್ಟಿಗೆ ಪೂರ್ವ ಆಫ್ರಿಕಾದ ಹಳ್ಳಿ ಆಸ್ಪತ್ರೆಗಳಿಗೆ ಕಳಿಸುತ್ತಾರೆ. ಕೆಲಸ ಮಾಡುತ್ತಲೇ ಕಲಿಯಬೇಕು, ಊಟ ವಸತಿ ಅವರದು, ಸಂಬಳ ಇಲ್ಲ. ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೆಸರು ಹಂಚಿದವಳು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಕೂತುಬಿಟ್ಟರೆ ಅವಳು ಗೆಲ್ಲುತ್ತಿದ್ದಳು. ಹೋಗುತ್ತೇನೆ ಎಂದೆ.

ಹಾಗೆ ಬಾಯಿ ತಪ್ಪಿ ಒಪ್ಪಿಕೊಂಡ ಮೇಲೆ, ಬಸ್ಸಿನಲ್ಲಿ ಅಜ್ಜಂಪುರಕ್ಕೆ ಬರುವಾಗ, ಇದಕ್ಕಿಂತ ಒಳ್ಳೆಯ ಸೇಡು ಇನ್ನೊಂದಿಲ್ಲ ಎನ್ನಿಸಿತು. ನನ್ನನ್ನು ಎಲ್ಲಿಗೆ ಕೊಡಬೇಕು ಎಂದು ನಕ್ಕಿದ್ದರೋ ಅಲ್ಲಿಗೇ, ಯಾರೂ ಕೊಡದೆ, ನಾನಾಗಿ ಹೋಗುವುದು. ಹೋಗಿ, ಅಲ್ಲಿಂದ ತರೀಕೆರೆಯ ಆ ವಿಳಾಸಕ್ಕೆ ಒಂದು ಕಾರ್ಡು ಬರೆಯುವುದು. ಇನ್‌ಲ್ಯಾಂಡ್ ಅಲ್ಲ, ಕಾರ್ಡು. ಪೋಸ್ಟ್‌ಮ್ಯಾನ್ ಜಗಲಿಯ ಮೇಲೆ ಕೂತು ಓದಬೇಕು, ಬೀದಿ ಕೇಳಬೇಕು. ಬೀರೂರು ಬರುವುದರೊಳಗೆ ಅದರ ಮೊದಲ ಸಾಲು ಸಿದ್ಧವಾಗಿತ್ತು.

ಮನೆಯಲ್ಲಿ ಅವ್ವ ಗೋಳಾಡಿದಳು. ಸಖರಾಯಪಟ್ಟಣದವರಿಗೆ ಏನು ಹೇಳುವುದು, ಮದುವೆಯಾಗದ ಹುಡುಗಿ ಸಮುದ್ರ ದಾಟಿ ಹೋದರೆ ವಾಪಸ್ ಬಂದ ಮೇಲೆ ಯಾರು ಕೇಳುತ್ತಾರೆ ಎಂದು. ಈಗಲಾದರೂ ಯಾರು ಕೇಳುತ್ತಿದ್ದಾರೆ ಎಂದೆ. ಅಪ್ಪ ಊಟದ ಮುಂದೆ ಕೂತು ಅನ್ನ ಕಲಸುತ್ತಿದ್ದ. ಅದನ್ನು ನೋಡಿ ನನ್ನ ಸಿಟ್ಟು ನೆತ್ತಿಗೇರಿತು.

"ಅಲ್ಲಾದ್ರೆ ಒಪ್ತಾರಂತಲ್ಲಪ್ಪ," ಎಂದೆ. "ಅವತ್ತು ನೀನೂ ನಕ್ಕೆ. ನಾನು ನೋಡಿದೀನಿ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಕೈ ತೊಳೆದು ಮಂಡಿಗೆ ಹೋದ. ಹೇಳಬಾರದಿತ್ತು ಎಂದು ಅವ್ವ ನನ್ನನ್ನು ಬೈದಳು. ಹೇಳಿದ್ದು ಸರಿ ಎಂದೇ ನಾನು ಅಂದುಕೊಂಡೆ, ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಎರಡು ದಿನ ಅಪ್ಪ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ತಾನೇ ಸಖರಾಯಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಸಂಬಂಧ ಬೇಡ ಎಂದು ಹೇಳಿ ಬಂದ. ಬಂದವನು, ಕಡೂರಿಗೆ ಯಾವತ್ತು ಹೋಗಬೇಕು, ಪಾಸ್‌ಪೋರ್ಟಿನ ಅರ್ಜಿ ಬರೆಸಲು ನಾನೂ ಬರುತ್ತೇನೆ ಎಂದ. ನಗುವಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಡೂರಿನಲ್ಲಿ ಕಚೇರಿಯ ಎದುರು ಟೈಪ್ ಮಷಿನ್ ಇಟ್ಟುಕೊಂಡು ಅರ್ಜಿ ಬರೆದುಕೊಡುವವರೊಬ್ಬರಿದ್ದರು. ಧಾರವಾಡದ ಕಡೆಯವರು, ಹೆಂಡತಿಯ ಊರೆಂದು ಕಡೂರಿಗೆ ಬಂದು ನೆಲೆಸಿದ್ದರು. ಪಾಸ್‌ಪೋರ್ಟಿನ ಅರ್ಜಿ ಅವರಿಗೂ ಹೊಸದು. ನನ್ನ ಹೆಸರು ಕೇಳಿ ಟೈಪ್ ಮಾಡಿದರು. ತಂದೆಯ ಹೆಸರು ಕೇಳಿದರು. ಆಮೇಲೆ ಕಾಗದದ ಮೇಲೆ ಬೆರಳಿಟ್ಟುಕೊಂಡು, ತಲೆ ಎತ್ತದೆ, "ನಿಮ್ಮ ಅಡ್ಡಹೆಸರ ಏನ್ರಿ?" ಎಂದರು.

ನಮ್ಮ ಕಡೆ ಅಡ್ಡಹೆಸರು ಎಂದರೆ ಹಂಗಿಸಲು ಇಟ್ಟ ಹೆಸರು. ಕುಂಟ, ಬೋಳ, ಗೂನ, ಅಂಥವು. ಕಡೂರಿನ ಬೀದಿಯ ಈ ಅಪರಿಚಿತನಿಗೂ ಗೊತ್ತಾಗಿ, ಮುಖದ ಮೇಲೇ ಕೇಳುತ್ತಿದ್ದಾನಲ್ಲ ಎಂದು ನನಗೆ ರೇಗಿತು. ಇರಲಿ, ಬರೆದುಕೊಳ್ಳಲಿ, ಸರ್ಕಾರಕ್ಕೂ ಗೊತ್ತಾಗಲಿ ಎಂದುಕೊಂಡು ಆಫ್ರಿಕಾ ಎಂದೆ.

ಅವರು ತಲೆ ಎತ್ತಿದರು. "ಹೋಗೂ ಊರು ಅಲ್ರೀ ನಾ ಕೇಳಿದ್ದು. ಅಡ್ಡಹೆಸರು."

ಅದೇ ಹೇಳಿದೆನಲ್ಲ ಎಂದು ನಾನು ದನಿ ಏರಿಸಿದೆ. ನಿಮಗೆ ಯಾರು ಹೇಳಿದರು, ಹೇಳಿಕೊಟ್ಟವಳ ಹೆಸರು ಹೇಳಿ ಎಂದೆ. ಅವರು ಕಕ್ಕಾಬಿಕ್ಕಿಯಾಗಿ ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ಐದು ನಿಮಿಷ ಬೇಕಾಯಿತು ಅವರಿಗೆ ಬಿಡಿಸಿ ಹೇಳಲು. ಅವರ ಕಡೆ ಅಡ್ಡಹೆಸರೆಂದರೆ ಮನೆತನದ ಹೆಸರು, ಅಪ್ಪ ಅಜ್ಜನ ಕಾಲದಿಂದ ಎಲ್ಲರ ಹೆಸರಿನ ಹಿಂದೆ ಬರುವುದು, ಮರ್ಯಾದೆಯ ಹೆಸರು. ಅಂಥದ್ದು ನಮ್ಮಲ್ಲಿಲ್ಲ, ಇನಿಷಿಯಲ್ ಇದೆ ಅಷ್ಟೆ ಎಂದೆ. ಮೊದಲನೇ ಅಕ್ಷರಕ್ಕೆ ಏನು ಎಂದರು. ಊರು, ಅಜ್ಜಂಪುರ ಎಂದೆ. ಅವರು ಬೆವರೊರೆಸಿಕೊಂಡು ಆ ಜಾಗದಲ್ಲಿ ಅಜ್ಜಂಪುರ ಎಂದು ಇಂಗ್ಲಿಷಿನಲ್ಲಿ ಕುಟ್ಟಿದರು. ಪಾಸ್‌ಪೋರ್ಟ್ ಹಾಗೆಯೇ ಬಂತು.

ಅದಕ್ಕೂ ಮೊದಲು ವಿಚಾರಣೆಗೆ ಪೊಲೀಸಿನವರೊಬ್ಬರು ಊರಿಗೆ ಬಂದಿದ್ದರು. ಕಾಗದದಲ್ಲಿದ್ದ ನನ್ನ ಹೆಸರು ಹೇಳಿ ವಿಚಾರಿಸಿದರೆ ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಫ್ರಿಕಾಕ್ಕೆ ಹೋಗುವವಳಂತೆ ಎಂದಾಗ, ಹೋಗೋದಲ್ಲ ಸ್ವಾಮಿ, ಅವಳೇ ಆಫ್ರಿಕಾ, ಅಗೋ ಮನೆ ಎಂದು ಪಕ್ಕದ ಮನೆಯವಳು ಕೈ ತೋರಿಸಿದಳು. ನನ್ನಿಂದ ಉಪಕಾರ ಆಯಿತಲ್ಲ ಎಂಬ ಮುಖ ಮಾಡಿಕೊಂಡಿದ್ದಳು. ಅವಳಿಗೂ ಒಂದು ಕಾರ್ಡು ಬರೆಯಬೇಕು ಎಂದುಕೊಂಡೆ.

ವಿಮಾನದವರು ಇಪ್ಪತ್ತು ಕಿಲೋ ಮೀರಬಾರದು ಎಂದಿದ್ದರು. ಅಪ್ಪ ನನ್ನ ಪೆಟ್ಟಿಗೆಯನ್ನು ಮಂಡಿಗೆ ಹೊತ್ತುಕೊಂಡು ಹೋಗಿ ಈರುಳ್ಳಿ ಚೀಲ ತೂಗುವ ತಕ್ಕಡಿಯ ಮೇಲೆ ಇಟ್ಟು ಮೂರು ಸಲ ತೂಗಿದ. ಅವ್ವ ತುಂಬಿದ್ದ ಚಟ್ನಿಪುಡಿಯಲ್ಲಿ ಅರ್ಧ ತೆಗೆಸಿದ. ಲಗ್ನಪತ್ರಿಕೆ ಕಣ್ಣಿಗೆ ಬಿತ್ತು, ತಿರುಗಿಸಿ ನೋಡಿದ, ಇದ್ಯಾಕೆ ಎಂದ. ತೂಕ ಇಲ್ಲವಲ್ಲ, ಇರಲಿ ಎಂದೆ. ಇದ್ದ ಜಾಗದಲ್ಲೇ ಇಟ್ಟ. ಅಜ್ಜಂಪುರದ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿಸುವಾಗ ಮುಖ ಆ ಕಡೆ ಮಾಡಿಕೊಂಡು, ಹೋದ ತಕ್ಷಣ ಕಾಗದ ಹಾಕು ಎಂದಷ್ಟೇ ಹೇಳಿದ.

ನಾನು ಹೋದದ್ದು ಟಾಂಜಾನಿಯಾದ ಒಂದು ಹಳ್ಳಿ ಆಸ್ಪತ್ರೆಗೆ. ತಗಡಿನ ಮಾಡು, ಆರು ಮಂಚ, ಹೊರಗೆ ಮಾವಿನ ಮರದ ಕೆಳಗೆ ಬೆಳಗಿನಿಂದಲೇ ಬಸುರಿಯರ ಸಾಲು. ದಾಖಲೆ ಬರೆಯುವ ಗುಮಾಸ್ತ ನನ್ನ ಪಾಸ್‌ಪೋರ್ಟ್ ತೆರೆದು, ಮನೆತನದ ಹೆಸರಿನ ಜಾಗ ನೋಡಿ, ದೊಡ್ಡದಾಗಿ ಓದಿದ, ಅಜ್ಜಂಪೂರಾ. ಆವತ್ತಿನಿಂದ ನಾನು ದಾದಾ ಅಜ್ಜಂಪೂರಾ. ದಾದಾ ಎಂದರೆ ಅವರಲ್ಲಿ ಅಕ್ಕ, ನಮ್ಮಲ್ಲಿ ರೌಡಿ. ನನ್ನ ಮಟ್ಟಿಗೆ ಎರಡೂ ಸರಿಯೇ. ನನ್ನ ಊರು ನನ್ನನ್ನು ಆಫ್ರಿಕಾ ಎಂದು ಕರೆದು ಕಳಿಸಿತ್ತು, ಆಫ್ರಿಕಾ ನನ್ನನ್ನು ಊರಿನ ಹೆಸರಿನಿಂದ ಕರೆಯಿತು. ಆ ಊರಿನ ಹೆಸರು ಹೊರಲು ನಾನು ಏನು ಪಾಪ ಮಾಡಿದ್ದೆನೋ ಎಂದು ಮೊದಲ ವಾರ ಹಲ್ಲು ಕಡಿದೆ.

ದಾರಿಯಲ್ಲಿ ಹೋದರೆ ಮಕ್ಕಳು ಮುಜುಂಗು ಮುಜುಂಗು ಎಂದು ಕೂಗಿಕೊಂಡು ಹಿಂದೆ ಬರುತ್ತಿದ್ದವು. ಹಾಗೆಂದರೆ ಏನು ಎಂದು ಗುಮಾಸ್ತನನ್ನು ಕೇಳಿದೆ. ಬಿಳಿ ಜನ, ಪರದೇಶದವರು ಎಂದ. ಅಲ್ಲೇ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಬಿಳಿ ಹೆಂಗಸು, ನಾನು. ಕಾರ್ಡಿಗೆ ಇನ್ನೊಂದು ಸಾಲು ಸಿಕ್ಕಿತ್ತು.

ಆದರೆ ಕೆಲಸದ ಜಾಗದಲ್ಲಿ ನಗು ಬರುವಂಥದ್ದೇನೂ ನಡೆಯಲಿಲ್ಲ. ಅಲ್ಲಿ ಹೆರಿಗೆಯ ಉಸ್ತುವಾರಿ ಐವತ್ತು ದಾಟಿದ ಒಬ್ಬ ದಾದಿಯದು, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಮೂರನೆಯ ದಿನ ಒಬ್ಬ ಚಿಕ್ಕ ವಯಸ್ಸಿನ ಬಸುರಿ ಕೈಕಾಲು ಬಡಿಯುತ್ತಿದ್ದಳು. ಪಂಚನಹಳ್ಳಿಯಲ್ಲಿ ಇಂಥವನ್ನು ಎಷ್ಟೋ ಕಂಡವಳು ನಾನು, ಯಾರನ್ನೂ ಕೇಳದೆ ಮುಂದೆ ನುಗ್ಗಿ, ಅವಳ ಮಂಡಿ ಹಿಡಿದು, ತಿಣುಕಮ್ಮಾ ತಿಣುಕು ಎಂದು ಕೂಗಿದೆ. ಗೊತ್ತಿಲ್ಲದ ಭಾಷೆಯಲ್ಲಿ ಗೊತ್ತಿಲ್ಲದವಳೊಬ್ಬಳು ಗದರುತ್ತಿದ್ದಾಳೆ ಎಂದು ಆ ಹುಡುಗಿ ಹೆದರಿ ಮಂಚದಿಂದ ಇಳಿಯಲು ಹೋದಳು. ದೊಡ್ಡ ಸಿಸ್ಟರ್ ನನ್ನ ಭುಜ ಹಿಡಿದು ಹೊರಗೆ ಕಳಿಸಿದರು. ಮಾತು ಬರುವವರೆಗೆ ಕೈ ಹಾಕಬೇಡ ಎಂದರು. ತಿಣುಕು ಎನ್ನಲು ಅವರು ಸುಕುಮಾ ಎನ್ನುತ್ತಾರೆ, ನಿಧಾನ ಎನ್ನಲು ಪೋಲೆಪೋಲೆ. ಅಂಥ ಮೂವತ್ತು ಮಾತು ಬರೆದುಕೊಟ್ಟು, ಕಲಿಯುವವರೆಗೆ ಕತ್ತರಿ ಚಿಮಟ ಕುದಿಸುವುದು, ಬೇಸಿನ್ ತೊಳೆಯುವುದು, ನೋಡುತ್ತಾ ನಿಲ್ಲುವುದು ಎಂದು ಹೇಳಿದರು. ಇಷ್ಟು ವರ್ಷ ಹೆರಿಗೆ ಮಾಡಿಸಿದವಳು ಬೇಸಿನ್ ತೊಳೆಯುತ್ತಾ ಕೂತೆ. ತರೀಕೆರೆಯಮ್ಮನ ಪಕ್ಕದಲ್ಲಿ ಇವರನ್ನೂ ಕೂರಿಸಿ ಮನಸ್ಸಿನಲ್ಲೇ ಬೈದೆ.

ಒಂದು ತಿಂಗಳು ಕಳೆಯಿತು. ಪೇಟೆಗೆ ಹೋದವರ ಕೈಯಲ್ಲಿ ಪಿಕ್ಚರ್ ಕಾರ್ಡು ತರಿಸಿದೆ. ಮುಂದೆ ಆನೆಗಳ ಚಿತ್ರ, ಹಿಂದೆ ಬರೆಯಲು ಜಾಗ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲಗ್ನಪತ್ರಿಕೆ ಪಕ್ಕದಲ್ಲಿಟ್ಟುಕೊಂಡು, ಪೋಸ್ಟ್‌ಮ್ಯಾನಿಗೆ ಸ್ಪಷ್ಟವಾಗಿ ಕಾಣುವ ಹಾಗೆ ಗುಂಡಗಿನ ಅಕ್ಷರದಲ್ಲಿ ಬರೆದೆ. ನೀವು ಹೇಳಿದ ಜಾಗಕ್ಕೆ ಬಂದಿದ್ದೇನೆ. ಇಲ್ಲಿ ನನ್ನನ್ನು ಒಪ್ಪಿದ್ದಾರೆ. ಇಲ್ಲಿಯವರು ನನ್ನನ್ನು ಬಿಳಿ ಹೆಂಗಸು ಎನ್ನುತ್ತಾರೆ.

ಊಟ ಮುಗಿಸಿ ಬಂದ ದೊಡ್ಡ ಸಿಸ್ಟರ್ ನಿಂತು ನೋಡಿದರು. ಇದೇನು ಇಷ್ಟು ಚಂದದ ಅಕ್ಷರ, ಯಾರಿಗೆ ಎಂದು ಕೇಳಿದರು. ಮನೆಯವರಿಗೆ ಎಂದು ಹೇಳಿ ಮುಗಿಸಬಹುದಿತ್ತು. ಸೇಡಿನ ಖುಷಿಯನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ಸಮಾಧಾನವಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ, ಮಣಿಕಟ್ಟು ಉಜ್ಜಿದ್ದು, ಮೆಟ್ಟಿಲ ಮೇಲಿನ ಮಾತು, ಆರು ವರ್ಷದ ಹೆಸರು. ಈಗ ಬರೆದ ಮೂರು ಸಾಲನ್ನೂ ಅರ್ಥ ಮಾಡಿ ಹೇಳಿ, ಅವರೂ ನಗುತ್ತಾರೆ ಎಂದು ಕಾದೆ.

ಅವರು ನಗಲಿಲ್ಲ. ಆ ಹೆಂಗಸು ಯಾವಾಗಲಾದರೂ ಇಲ್ಲಿಗೆ ಬಂದಿದ್ದಳೇ ಎಂದು ಕೇಳಿದರು. ಇಲ್ಲ, ಅವಳು ಬೆಂಗಳೂರನ್ನೂ ನೋಡಿರಲಾರಳು ಎಂದೆ.

"ಹಾಗಾದರೆ ಅವಳು ಬೈದದ್ದು ಯಾರಿಗೆ?" ಎಂದರು. "ನಿನಗೋ, ನಮಗೋ?"

ಅವರು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. ದನಿ ಏರಿಸಲಿಲ್ಲ.

"ಆರು ವರ್ಷ ಉರಿದೆ ಎಂದೆಯಲ್ಲ. ನಮ್ಮ ಹಾಗಿದ್ದೀ ಎಂದು ಒಬ್ಬಳು ಹೇಳಿದಳೆಂದು ಉರಿದೆ. ಈಗ ಮಕ್ಕಳು ನಿನ್ನನ್ನು ಬಿಳಿಯಳು ಎಂದರೆಂದು ಕುಣಿಯುತ್ತಿದ್ದೀಯ. ಅವಳ ಬೆರಳು, ನಿನ್ನ ಕಾರ್ಡು, ಎರಡೂ ಒಂದೇ ಕೆಲಸ ಮಾಡುತ್ತಿವೆ."

ಇಷ್ಟು ಹೇಳಿ ಎದ್ದರು. ಬಾಗಿಲ ಹತ್ತಿರ ನಿಂತು, ಒಪ್ಪಿದ್ದೇವೆ ಎಂದು ಬರೆದಿದ್ದೀಯಲ್ಲ, ಯಾರು ಹೇಳಿದರು, ನಾನಂತೂ ಇನ್ನೂ ಒಪ್ಪಿಲ್ಲ, ಬೇಸಿನ್ ಹಾಗೇ ಬಿದ್ದಿವೆ ಎಂದು ಹೇಳಿ ಒಳಗೆ ಹೋದರು.

ನಾನು ಬೇಸಿನ್ ತೊಳೆದೆ. ಎಲ್ಲದರ ಸಿಟ್ಟನ್ನೂ ಬೇಸಿನ್ನಿನ ಮೇಲೆ ತೀರಿಸಿದೆ. ಮೊದಲು ಬಂದದ್ದು ಅವರ ಮೇಲಿನ ಕೋಪ, ಅದನ್ನು ಮುಚ್ಚಿಡುವುದಿಲ್ಲ. ನನ್ನ ನೋವು ಕೇಳಿ ತಲೆ ಸವರುವುದು ಬಿಟ್ಟು ನನಗೇ ತಿರುಗಿಸಿ ಕೊಟ್ಟರಲ್ಲ ಎಂದು. ನಾಲ್ಕನೇ ಬೇಸಿನ್ನಿಗೆ ಬರುವಾಗ ಅವರು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಅಲ್ಲಗಳೆಯಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಾಗಿತ್ತು. ತರೀಕೆರೆಯಮ್ಮ ಉಜ್ಜಿ ನೋಡಿದ್ದನ್ನೇ ನಾನೂ ಉಜ್ಜಿ ನೋಡಿಕೊಂಡಿದ್ದೆ, ಬಿಳುಪು ಬಂತು ಎಂದು ಊರಿಗೆ ಹೇಳಲು ಹೊರಟಿದ್ದೆ. ನನಗೆ ನಾಚಿಕೆಯಾಯಿತು. ಆದರೆ ಆ ಹೆಂಗಸನ್ನು ಬಿಟ್ಟುಬಿಡಬೇಕು ಎಂದು ಮಾತ್ರ ಅನ್ನಿಸಲಿಲ್ಲ. ಈಗ ಅವಳು ನನ್ನೊಬ್ಬಳಿಗಲ್ಲ, ಈ ದೊಡ್ಡ ಸಿಸ್ಟರ್‌ಗೂ, ಮಾವಿನ ಮರದ ಕೆಳಗೆ ಕೂತಿದ್ದವರಿಗೆಲ್ಲರಿಗೂ ಉತ್ತರ ಕೊಡಬೇಕಾಗಿತ್ತು. ಸೇಡು ಇನ್ನಷ್ಟು ದೊಡ್ಡದಾಯಿತು ಅಷ್ಟೆ.

ಮೊದಲ ಕಾರ್ಡನ್ನು ಉಪಕರಣ ಕುದಿಸುವ ಒಲೆಗೆ ಹಾಕಿದೆ. ಇನ್ನೊಂದು ಕಾರ್ಡು ತರಿಸಿ ಹೀಗೆ ಬರೆದೆ.

"ನನ್ನನ್ನು ಆಫ್ರಿಕಾಕ್ಕೆ ಕೊಡಬೇಕು, ಅಲ್ಲಾದರೆ ಒಪ್ಪುತ್ತಾರೆ ಎಂದಿದ್ದಿರಿ. ಬಂದು ತಿಂಗಳ ಮೇಲಾಯಿತು, ಇನ್ನೂ ಒಪ್ಪಿಲ್ಲ. ಇಲ್ಲಿ ಮಣಿಕಟ್ಟು ಉಜ್ಜಿ ನೋಡುವುದಿಲ್ಲ, ಕೆಲಸ ನೋಡುತ್ತಾರೆ. ಇಲ್ಲಿಯವರನ್ನು ಒಪ್ಪಿಸುವುದು ನೀವು ತಿಳಿದಷ್ಟು ಸುಲಭವಲ್ಲ. ನಿಮ್ಮ ಮಗನಾಗಿದ್ದರೆ ಮೊದಲ ದಿನವೇ ವಾಪಸ್ ಕಳಿಸುತ್ತಿದ್ದರು. ನನ್ನನ್ನು ಒಪ್ಪಿದ ದಿನ ತಿಳಿಸುತ್ತೇನೆ, ಪೋಸ್ಟ್‌ಮ್ಯಾನ್ ಓದಿ ಹೇಳುತ್ತಾರೆ."

ಕೆಳಗೆ ಸಹಿ ಮಾಡುವಾಗ ಸ್ವಲ್ಪ ಯೋಚಿಸಿದೆ. ಆಮೇಲೆ ಅಜ್ಜಂಪುರ ಎಂದು ಬರೆದೆ. ಮನೆಗೂ ಅದೇ ದಿನ ಕಾಗದ ಬರೆದು, ತರೀಕೆರೆಗೆ ಇಂಥದ್ದೊಂದು ಕಾರ್ಡು ಹಾಕಿದ್ದೇನೆ ಎಂದು ಅಪ್ಪನಿಗೆ ಗೊತ್ತಾಗಲೆಂದೇ ಒಂದು ಸಾಲು ಸೇರಿಸಿದೆ. ಅವನ ಮೇಲಿನ ಸೇಡೂ ಅದರಲ್ಲೇ ತೀರಲಿ ಎಂದಿತ್ತು. ಬಹಳ ದಿನ ಉತ್ತರ ಬರಲಿಲ್ಲ. ಈ ನಡುವೆ ಮೂವತ್ತು ಮಾತು ಅರವತ್ತಾಗಿತ್ತು, ಕೈ ಹಾಕಲು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಅಪ್ಪನ ಕಾಗದ ಬಂದದ್ದು ಒಂದು ಮಧ್ಯಾಹ್ನ. ಅವನು ಮಂಡಿಯ ಚೀಟಿಗಳನ್ನು ಬಿಟ್ಟರೆ ಬೇರೆ ಏನನ್ನೂ ಬರೆದವನಲ್ಲ. ಅವ್ವನ ಮಂಡಿನೋವು, ಮಳೆ, ಈರುಳ್ಳಿ ಎಲ್ಲ ಎರಡೆರಡು ಮಾತಿನಲ್ಲಿ ಮುಗಿದಿತ್ತು. ಕೊನೆಗೆ ಹೀಗಿತ್ತು.

"ತರೀಕೆರೆಗೆ ಹೋಗಿದ್ದೆ. ಕೆಲಸ ಏನೂ ಇರಲಿಲ್ಲ. ಅವರ ಮನೆ ಜಗಲಿ ಮೇಲೆ ಕೂತೆ. ಕಾರ್ಡು ಬಂದಿದೆಯಂತಲ್ಲ ಅಂದೆ. ಆಯಮ್ಮ ಇಲ್ಲ ಅಂದಳು. ಬೀದಿಯವರು ಇದೆ ಅಂದರು. ತರಿಸಿದೆ. ಪೋಸ್ಟ್‌ಮ್ಯಾನ್ ಒಂದು ಸಲ ಓದಿದ್ದನಂತೆ, ನಾನು ಇನ್ನೊಂದು ಸಲ ಓದಿದೆ, ನಿಧಾನವಾಗಿ, ಎಲ್ಲರಿಗೂ ಕೇಳೋ ಹಾಗೆ. ಯಾರೂ ನಗಲಿಲ್ಲ ಮಗಳೇ. ನಾನೊಬ್ಬನೇ ನಕ್ಕೆ. ಬಸ್ಸು ಬರೋವರೆಗೂ ಅಲ್ಲೇ ಕೂತು ನಕ್ಕೆ."